ಕಾಣೆಯಾದ ತಗ್ಗು

ಯುದ್ಧದ ಕಾಲ. ಕೊಪ್ಪಳ ರೈಲು ಸ್ಟೇಷನ್ನಿನಲ್ಲಿ ಪೊಲೀಸ್ ಜಮೇದಾರ ನನ್ನ ಟ್ರಂಕು ತೆಗೆಸಿ, ಅಂಕುಡೊಂಕು ಗೆರೆಯಿದ್ದ ಉದ್ದನೆಯ ಕಾಗದವೊಂದನ್ನು ಹೊರಗೆಳೆದ.

"ಏನ್ರಿ ಇದು?"

"ಆಕಾಶದಾಗಿನ ಒಂದು ಚಿಕ್ಕಿ ಬೆಳಕಿನ ಗೆರಿ ರೀ. ಗಣಿತದಾಗ ಇದನ್ನ ಸಣ್ಣ ಸಣ್ಣ ಅಲೆ ಮಾಡಿ ಬಿಡಸ್ತೀನಿ. ಅವನ್ನ ಕೂಡಿಸಿದ್ರ ಮತ್ತ ಇದ ಗೆರಿ ಬರತೈತಿ."

ಅಲೆ ಅಂದದ್ದೇ ತಪ್ಪಾಯಿತು. ಆಗ ಅಲೆ ಅಂದರೆ ವೈರ್‌ಲೆಸ್ಸು, ವೈರ್‌ಲೆಸ್ಸು ಅಂದರೆ ಜೇಲು.

ಅವನು ಗೆರೆಯ ಕಾಗದ ತನ್ನ ಕೈಯಲ್ಲೇ ಇಟ್ಟುಕೊಂಡು, ಬೇಡಿಯನ್ನು ಬೆಂಚಿನ ಮೇಲಿಟ್ಟ. "ಕೂಡಿಸಿ ತೋರಸ್ರಿ. ಬರಲಿಲ್ಲಂದ್ರ ಠಾಣೆಕ್ಕ ನಡೀರಿ."

ಮೊದಲೇ ಬಿಡಿಸಿಟ್ಟಿದ್ದ ಅಲೆಗಳ ಲೆಕ್ಕ ಟ್ರಂಕಿನಲ್ಲೇ ಇತ್ತು; ಅವನ್ನು ಕೂಡಿಸುತ್ತ ಬೇರೆ ಕಾಗದದ ಮೇಲೆ ಗೆರೆ ಎಳೆದೆ. ನನ್ನ ರೈಲು ಬಂತು, ಹೋಯಿತು. ಅವನು ಎರಡೂ ಕಾಗದಗಳನ್ನು ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದ. ಗೆರೆಯ ಮೇಲೆ ಗೆರೆ ಕೂತಿತ್ತು. ಒಂದು ಕಡೆ ಮಾತ್ರ ಅವನ ಬೆರಳು ನಿಂತಿತು.

"ಇಲ್ಲೊಂದು ಸಣ್ಣ ತಗ್ಗು ಇತ್ತಲ್ರಿ. ಎಲ್ಲಿ ಹೋತು?"

ಲೆಕ್ಕ ಬೇಗ ಮುಗಿಯಲೆಂದು ತೀರ ಸಣ್ಣ ಅಲೆಗಳನ್ನು ಕೈಬಿಟ್ಟಿದ್ದೆ. ತಗ್ಗು ಅವುಗಳ ಜೊತೆಗೇ ಹೋಗಿತ್ತು. ಹಾಗೆಂದೆ.

"ಬಿಟ್ಟದ್ದು ಹಾಕ್ರಿ."

ಹಾಕಿದೆ. ತಗ್ಗು ಬಂತು. ನನ್ನನ್ನು ಬಿಟ್ಟ.

ನಕ್ಷತ್ರದಲ್ಲಿ ಏನೇನಿದೆ ಎಂದು ಹೇಳುವುದೇ ಅಂಥ ತಗ್ಗುಗಳು. ಮುಂದೆ ನನ್ನ ಲೆಕ್ಕಗಳನ್ನು ದೊಡ್ಡ ದೊಡ್ಡವರು ನೋಡಿದರು. ಯಾರೂ ಅಷ್ಟು ಲಕ್ಷ್ಯಗೊಟ್ಟು ನೋಡಲಿಲ್ಲ. ಅವರ ಹತ್ತಿರ ಬೇಡಿಯೂ ಇರಲಿಲ್ಲ, ಅನ್ನಿ.