ಕೆಂಪಮ್ಮನ ಇನ್ನೂರ ಅರವತ್ತೊಂದು ದಿನ

ಅಟ್ಟೂರಿನ ಮುನಿಕೆಂಪಮ್ಮನ ವಿಷಯ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಮೇಲಲ್ಲ. ಅವಳು ಯಾರಿಗೂ ಏನೂ ಮಾಡಿದವಳಲ್ಲ.

೧೯೮೬ರಲ್ಲಿ ನಾನು ಯಶವಂತಪುರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಆಪರೇಟರ್. ಗದಗ ಕಡೆಯವನು, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಮುನಿಕೆಂಪಮ್ಮ ಅದೇ ಕಾರ್ಖಾನೆಯಲ್ಲಿ ದಿನಗೂಲಿ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ. ಅಟ್ಟೂರಿನಿಂದ ಯಲಹಂಕಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಏಳೂವರೆಗೆ ಗೇಟಿನಲ್ಲಿ ಇರುತ್ತಿದ್ದಳು. ಕಬ್ಬಿಣದ ಚೂರು ಗುಡಿಸಿ, ಬುಟ್ಟಿ ಹೊತ್ತು, ಕೊನೆಗೆ ಚಪ್ಪಲಿ ಹೊರಗೆ ಬಿಟ್ಟು ನಮ್ಮ ಕೋಣೆ ಒರೆಸುತ್ತಿದ್ದಳು. ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ದುಡಿದವರನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ, ಕಾಯಂ ಮಾಡಿ ಎಂದು ಕೇಳಬಹುದು ಅಂತ ಯೂನಿಯನ್ನಿನವರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಓದು ಬಾರದವಳು, ಬಂದ ಪ್ರತಿ ದಿನಕ್ಕೂ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ದಸರೆ ಹತ್ತಿರ ಬಂದಾಗ ತನ್ನ ಲೆಕ್ಕ ನೋಡಿ ಹೇಳಲು ನನ್ನನ್ನು ಕೇಳಿದಳು. ಹಿಂದಿನ ದಸರೆಯಿಂದ ಎಣಿಸಿದರೆ ಪರದೆಯ ಮೇಲೆ ಇನ್ನೂರ ಅರವತ್ತೊಂದು ಎಂದು ಬಂತು. ಗೋಡೆಯೂ ಅಷ್ಟೇ ಹೇಳುತ್ತದೆ ಎಂದು ನಕ್ಕಳು.

ಪ್ರತಿ ಶನಿವಾರ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಟೇಪಿಗೆ ನಕಲು ಮಾಡಿ ಬೀರುವಿನಲ್ಲಿ ಇಡುವುದು ನನ್ನ ಕೆಲಸ. ಡಿಸ್ಕು ಕೆಟ್ಟರೆ ಆ ನಕಲೇ ಗತಿ. ಒಂದು ಸುರುಳಿಗೆ ಹಿಡಿಯುತ್ತಿರಲಿಲ್ಲವಾದ್ದರಿಂದ ಮೂರಕ್ಕೆ ಒಡೆದು, ಪ್ರತಿ ವಾರ ಹಳೆಯದರ ಮೇಲೆಯೇ ಬರೆಯುತ್ತಿದ್ದೆ. ಒಂದು ತುಂಬಿದರೆ ಯಂತ್ರ ನಿಂತು ಮುಂದಿನದನ್ನು ಕೇಳುತ್ತಿತ್ತು. ಆ ವರ್ಷ ಮೂರೂ ಸಾಲದಾಯಿತು. ನಾಲ್ಕನೆಯದು ಬೇಕೆಂದು ವಿಭಾಗದ ಮುಖ್ಯಸ್ಥರಾದ ಶೇಖರಪ್ಪನವರಿಗೆ ಬರೆದುಕೊಟ್ಟೆ. ಅವರು ಟೇಪು ತರಿಸಲಿಲ್ಲ, ಚೀಟಿ ಕೊಟ್ಟರು. ಡಿಸ್ಕಿನಲ್ಲಿ ಒಂದೊಂದು ಬಗೆಯ ಲೆಕ್ಕಕ್ಕೆ ಒಂದೊಂದು ಖಾನೆ ಇತ್ತು, ಇಂತಿಂಥ ಖಾನೆಗಳನ್ನು ಬಿಟ್ಟು ಉಳಿದುದನ್ನು ನಕಲು ಮಾಡಬೇಕಂತೆ. ಬಿಡಬೇಕಾದವುಗಳಲ್ಲಿ ಮೊದಲನೆಯದೇ ದಿನಗೂಲಿಯವರ ಹಾಜರಿ. ಅಧಿಕಾರಿಗಳ ಬ್ಯಾಡ್ಮಿಂಟನ್ ಕ್ಲಬ್ಬಿನ ಖಾನೆ ಆ ಚೀಟಿಯಲ್ಲಿ ಇರಲಿಲ್ಲ. ಯಾರು ಯಾರನ್ನು ಸೋಲಿಸಿದರು ಎಂಬುದು ಉಳಿಯಬೇಕು, ಬುಟ್ಟಿ ಹೊತ್ತವರ ದಿನಗಳು ಮಾತ್ರ ಬೇಡ. ಕೇಳಿದರೆ, ದಿನಾ ಗೇಟಿನಲ್ಲಿ ಹಾಜರಿ ಗುರುತು ಹಾಕುವ ಅವರ ಗೇಟ್ ಕಾರ್ಡುಗಳು ಇದ್ದೇ ಇವೆಯಲ್ಲ, ಬೇಕಾದರೆ ಮತ್ತೆ ಟೈಪ್ ಮಾಡಿದರಾಯಿತು ಎಂದರು.

ಬಸ್ಸಿನಲ್ಲಿ ಅವರನ್ನು ಬೈದೆ. ಮನೆಯಲ್ಲಿ ಹೆಂಡತಿ ಚಂದ್ರವ್ವನ ಮುಂದೆ ಬೈದೆ, ರೊಟ್ಟಿ ಬಿಟ್ಟು ಎದ್ದೆ. ಶನಿವಾರ ಬಂದಾಗ ಚೀಟಿಯಲ್ಲಿ ಇದ್ದಂತೆಯೇ ಟೈಪ್ ಮಾಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕಿದೆ. ಮುಂದಿನ ಶನಿವಾರವೂ ಅಷ್ಟೇ.

ಆಯುಧಪೂಜೆ ಬಂತು. ಯಂತ್ರಕ್ಕೆ ಕುಂಕುಮ ಇಡುವ ಮೊದಲು ಕೋಣೆಯ ಹಳೆ ಕಾಗದವೆಲ್ಲ ಹೊರಗೆ ಹೋಗಬೇಕು. ಅದು ಪ್ರತಿ ವರ್ಷದ ಪದ್ಧತಿ. ಬೀರುವಿನ ಮೇಲೆ ಗೇಟ್ ಕಾರ್ಡುಗಳ ಕಟ್ಟುಗಳಿದ್ದವು, ಧೂಳು ಹಿಡಿದಿದ್ದವು. ಆ ಖಾನೆಗೆ ನಕಲಿಲ್ಲ, ಈ ಕಾರ್ಡುಗಳೇ ಅದಕ್ಕೆ ಆಧಾರ ಎಂಬುದು ಆ ಗಡಿಬಿಡಿಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಕೆಂಪಮ್ಮಾ, ಇವನ್ನೂ ಒಯ್ದು ರದ್ದಿಗೆ ಹಾಕಿಬಿಡ್ರಿ. ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ" ಎಂದೆ.

ಅವಳು ಎರಡು ಸಲ ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ರದ್ದಿಯವನ ಗಾಡಿಗೆ ಹಾಕಿ ಬಂದಳು. ಮರುದಿನ ಪೂಜೆಯಾಯಿತು, ಕಡಲೆಪುರಿ ಹಂಚಿದೆವು.

ಹತ್ತು ದಿನ ಕಳೆಯುವಷ್ಟರಲ್ಲಿ ಡಿಸ್ಕು ಕೆಟ್ಟಿತು. ಮೂರು ಸುರುಳಿಗಳಿಂದ ಎಲ್ಲ ವಾಪಸ್ ಬಂತು, ಬ್ಯಾಡ್ಮಿಂಟನ್ ಕೂಡ. ಹಾಜರಿ ಬರಲಿಲ್ಲ. ಕಾರ್ಡಿಗಾಗಿ ಬೀರುವಿನ ಮೇಲೆ ಕೈಯಾಡಿಸಿದಾಗಲೇ ನನಗೆ ನೆನಪಾದದ್ದು. ರದ್ದಿಯವನ ಅಂಗಡಿಗೆ ಓಡಿದೆ. ಎಲ್ಲ ಮಾರಿಹೋಗಿತ್ತು.

ಮುನಿಕೆಂಪಮ್ಮ ಕಾಯಂ ಕೇಳಿ ಅರ್ಜಿ ಹಾಕಿದ್ದಳು. ದಾಖಲೆ ಇಲ್ಲದಿದ್ದರೆ ದಿನವೂ ಇಲ್ಲ ಎಂದರು ಆಡಳಿತದವರು. ಶೇಖರಪ್ಪನವರು ನನ್ನ ಸಹಿ ತೋರಿಸಿ ಕೈತೊಳೆದುಕೊಂಡರು. ಇನ್ನೂರ ಅರವತ್ತೊಂದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನಾನು ಬರೆದುಕೊಟ್ಟದ್ದನ್ನು ಯಾರೂ ಒಪ್ಪಲಿಲ್ಲ. ಸೋಮವಾರದಿಂದ ಬರಬೇಡ ಎಂದು ಅವಳಿಗೆ ಹೇಳಿದರು.

ಅವಳು ನಮ್ಮ ಕೋಣೆಗೆ ಬಂದಳು, ಅವತ್ತೂ ಚಪ್ಪಲಿ ಹೊರಗೆ ಬಿಟ್ಟು. ನಾನು ಸಾಹೇಬರನ್ನು, ಕಂಪನಿಯನ್ನು, ಟೇಪನ್ನು ಗಂಟಲು ಕಟ್ಟುವವರೆಗೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಓಗ್ಲಿ ಬುಡಿ ಸಾಮಿ. ಒಂದ್ ಮಾತೇಳಿ. ಪೂಜೆ ಮುಂಚಿನ್ ದಿನ ನಾನ್ ಒತ್ಕೊಂಡೋದ್ನಲ್ಲ, ಆ ಕಟ್ನಾಗೆ ನನ್ ಕಾರ್ಡೂ ಇತ್ತಾ?"

ಇತ್ತು ಎಂದೆ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನ್ನ ಮೇಲೆ ನನಗಿರುವ ಈ ಸಿಟ್ಟು ಸ್ವಲ್ಪವಾದರೂ ಇಳಿಯುತ್ತಿತ್ತು. ಅವಳು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಸ್ಯಾನೆ ಬಾರ ಇತ್ತು ಸಾಮಿ" ಎಂದಳು.