ವಾಸು ಆಶಾನ್ ಹಾಕಿದ್ದ ಕ್ಲಿಪ್ಪು

ಆ ಕ್ಲಿಪ್ಪನ್ನು ತೆಗೆದವಳು ನಾನು. ವಾಸು ಆಶಾನ್ ಅದನ್ನು ಹಾಕಲು ಮರೆತಿರಲಿಲ್ಲ, ಅವರ ಕಣ್ಣೂ ಮಂಜಾಗಿರಲಿಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ — ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಆಗ ನಾನು ಸುಳ್ಯದಿಂದ ಕೊಚ್ಚಿಗೆ ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಗಂಡ ಗೋಪಾಲ ಕಾಸರಗೋಡಿನವರು. ಸ್ವಂತ ಲಾರಿ, ತಾವೇ ಡ್ರೈವರು. ಗುವಾಹಟಿಯ ಲೋಡು ಸಿಕ್ಕಿತ್ತು. ಹೋದರೆ ಬರಲು ತಿಂಗಳು. ನಾನು ಮೂರು ತಿಂಗಳ ಬಸುರಿ. ನನಗೆ ಮಲಯಾಳ ಬಾರದು, ಅಕ್ಕಪಕ್ಕದವರಿಗೆ ಕನ್ನಡ ಬಾರದು. ಹೆದರಿಕೆಯಾಗುತ್ತಿತ್ತು — ನೆಪ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಹೊರಡುವ ಮುನ್ನಾದಿನ ಡೀಸೆಲ್ ಪಂಪು ಸರಿಮಾಡಲು ಆಶಾನ್ ಮನೆಯಂಗಳಕ್ಕೇ ಬಂದರು. ಕಸುಬಿನಲ್ಲಿ ಪಳಗಿದವರನ್ನು ಇಲ್ಲಿ ಆಶಾನ್ ಎನ್ನುತ್ತಾರೆ, ಗುರು ಎಂದ ಹಾಗೆ. ಸವೆದ ಬೋಲ್ಟುಗಳನ್ನು ಬದಲಿಸಿದರು. ಆಕ್ಸಿಲರೇಟರಿನಿಂದ ಬರುವ ಸರಳನ್ನು ಪಂಪಿನ ಲಿವರಿಗೆ ಸಿಕ್ಕಿಸಿ, ಕಳಚದಂತೆ ಉಗುರಿನಷ್ಟು ಚಿಕ್ಕ ಕ್ಲಿಪ್ಪೊಂದನ್ನು ಒತ್ತಿದರು. ಟಕ್ ಎಂದಿತು. ಚಹಾ ಹಿಡಿದು ನಿಂತಿದ್ದ ನನ್ನತ್ತ ತಿರುಗಿ ಕೈಸನ್ನೆಯಲ್ಲೇ ತಿಳಿಸಿಕೊಟ್ಟರು — ಇದು ಹೋದರೆ ಎಷ್ಟು ತುಳಿದರೂ ಗಾಡಿ ಮುಂದೆ ಹೋಗದು.

ಅವರು ನಗುತ್ತ ಕಲಿಸಿದ್ದನ್ನೇ ನಾನು... ಸಂಜೆ ಗೋಪಾಲ ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ಹೇರ್‌ಪಿನ್ನಿನಿಂದ ಕ್ಲಿಪ್ಪನ್ನು ಮೀಟಿದೆ. ಸರಳನ್ನೂ ಕಳಚಿಬಿಟ್ಟೆ. ಕ್ಲಿಪ್ಪನ್ನು ಮನೆ ಹಿಂದಿನ ತೋಡಿಗೆಸೆದೆ.

ಬೆಳಿಗ್ಗೆ ಎಂಜಿನ್ ಗುರುಗುಟ್ಟಿತು, ಎಷ್ಟು ತುಳಿದರೂ ವೇಗ ಏರಲಿಲ್ಲ. ಗೋಪಾಲ ಆಶಾನ್‌ರನ್ನು ಕರೆಸಿ, ನಾಲ್ಕು ಜನರೆದುರೇ ಕೂಗಾಡಿದರು: "ಕಣ್ಣು ಕಾಣದಿದ್ದರೆ ಮನೆಯಲ್ಲಿರಿ! ದಾರಿಯಲ್ಲಿ ಕಳಚಿದ್ದರೆ?"

"ಞಾನ್ ಇಟ್ಟತಾಣಲ್ಲೋ," ಎಂದರು ಆಶಾನ್. ನಾನು ಹಾಕಿದ್ದೆನಲ್ಲ. ಒಂದೇ ಸಲ ಅಂದದ್ದು. ಆಮೇಲೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು — ಬೇರೆ ಯಾರದೋ ಕೈ ನೋಡುವ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು.

ಹೊಸ ಕ್ಲಿಪ್ಪು ಹುಡುಕಿ ತಂದು ಹಾಕುವಷ್ಟರಲ್ಲಿ ಲೋಡು ಬೇರೆಯವರಿಗೆ ಹೋಯಿತು. ಗೋಪಾಲ ಹನ್ನೊಂದು ದಿನ ಮನೆಯಲ್ಲೇ ಇದ್ದರು. ಆ ಹನ್ನೊಂದು ದಿನ ನಾನು ಸುಖವಾಗಿದ್ದೆ — ಇದನ್ನು ಬರೆಯುವಾಗಲೇ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಮಗಳು ಹುಟ್ಟಿದಳು, ಬೆಳೆದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರ ಕೊಟ್ಟು ಕೊಟ್ಟು ನನಗೂ ಆ ಭಾಷೆ ಬಂತು. ಕಳೆದ ವಾರ ಬಿಡಿಭಾಗದ ಅಂಗಡಿಯವರ ಹತ್ತಿರ ಆಶಾನ್ ಬಗ್ಗೆ ವಿಚಾರಿಸಿದೆ.

"ಆ ಗಲಾಟೆಯ ಮೇಲೆ ಅವರಿಗೆ ತಮ್ಮ ಕೈಮೇಲೇ ನಂಬಿಕೆ ಹೋಯಿತು," ಎಂದರು ಅವರು. "ಮುಗಿದ ಕೆಲಸವನ್ನೇ ಮತ್ತೆ ಮತ್ತೆ ಬಂದು ಮುಟ್ಟಿ ನೋಡುತ್ತಿದ್ದರು. ಕೊನೆಗೆ ಕೆಲಸವನ್ನೇ ಬಿಟ್ಟರು. ಈಗ ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದಾರೆ."

ಒಂದು ಬೈಗುಳ, ಮರೆತಿರುತ್ತಾರೆ ಎಂದುಕೊಂಡಿದ್ದೆ ಇಷ್ಟು ವರ್ಷ...

ಮರುದಿನವೇ ಅವರು ಕೊಟ್ಟ ವಿಳಾಸ ಹಿಡಿದು ರೈಲು ಹತ್ತಿ, ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದೆ. ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಮನೆ. ಜಗಲಿಯಲ್ಲಿದ್ದ ಆಶಾನ್ ನನ್ನನ್ನು ಗುರುತು ಹಿಡಿದು, ಕೂರು ಎಂದರು. ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ.

ಅವರು ನಂಬದವರಂತೆ ಕೇಳಿದರು: "ಕ್ಲಿಪ್ಪಿನ ಬಾಯಿ ಯಾವ ಕಡೆಗಿತ್ತು?"

"ಒಳಗೆ, ಎಂಜಿನ್ ಕಡೆಗೆ. ಅದಕ್ಕೇ ಪಿನ್ನು ತೂರಿಸಲು ಕಷ್ಟವಾಯಿತು."

"ಹೌದು. ನಾನು ಹಾಗೇ ಹಾಕುವುದು. ಹೊರಗಿದ್ದರೆ ಕೆಸರು ಹಿಡಿಯುತ್ತದೆ." ಬಾಗಿದ ಬೆನ್ನು ನೆಟ್ಟಗಾಯಿತು. ಆಮೇಲೆ ಸ್ವಂತ ಮಗಳನ್ನು ಕರೆಯುವ ಹಾಗೆ ಕರೆದರು. "ಮರುದಿನ ಬಂದು ಹೇಳಬಹುದಿತ್ತಲ್ಲ, ಮೋಳೇ. ಯಾರೂ ಇಲ್ಲದಾಗ, ಮೆಲ್ಲಗೆ."

ಅವರು ಮಗಳು ಶೀಲಾಳನ್ನು ಹೊರಗೆ ಕರೆದು, "ಇವಳಿಗೂ ಹೇಳು" ಎಂದರು. ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಅಪ್ಪನ ಪಕ್ಕ ಕುಸಿದು ಕೂತಳು. "ಮರೆಯುತ್ತೀರಿ ಎಂದು ನಿಮಗೆ ಗ್ಯಾಸ್ ಒಲೆ ಹಚ್ಚಲೂ ಬಿಡುತ್ತಿರಲಿಲ್ಲ ನಾನು, ಅಚ್ಛಾ," ಎಂದು ಅಪ್ಪನನ್ನು ಕರೆದು ಅತ್ತಳು. ಆಶಾನ್ ಅವಳ ತಲೆ ಸವರಿದರು.

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ. ಗೇಟಿನವರೆಗೆ ಮಾತ್ರ ಬಂದರು.

"ಗೋಪಾಲನಿಗೆ ಗೊತ್ತುಂಟಾ?"

"ಇಲ್ಲ."

"ಹೇಳು. ಹೇಳಿ ಕರಕೊಂಡು ಬಾ. ಲಾರಿಯಲ್ಲೇ ಬರಲಿ — ಪಂಪು ನಾನೇ ಬಿಚ್ಚಿ ನೋಡುತ್ತೇನೆ."

ತಂಪಾನೂರಿನ ಪ್ಲಾಟ್‌ಫಾರ್ಮಿನಲ್ಲಿ ಕೂತು ಫೋನ್ ಮಾಡಿದೆ. ಆ ಕಡೆ ಎಂಜಿನ್ ಸದ್ದು ಕೇಳುತ್ತಿತ್ತು.

"ಎಂತ ಮಾರಾಯ್ತಿ, ಎಲ್ಲಿದ್ದೀ?" ಎಂದರು ಗೋಪಾಲ.

"ನಿಮಗೊಂದು ವಿಷಯ ಹೇಳ್ಲಿಕ್ಕುಂಟು. ಮೊದಲು ಲಾರಿ ಬದಿಗೆ ಹಾಕಿ."

ಎಂಜಿನ್ ನಿಲ್ಲುವವರೆಗೆ ಕಾದೆ. ಆಮೇಲೆ, ಏನನ್ನೂ ಬಿಡದೆ, ಮೊದಲಿನಿಂದ ಹೇಳತೊಡಗಿದೆ.