ಮನೆಗೊಂದೇ ಕೂಸು

ಕರುಮತ್ತಂಪಟ್ಟಿಯ ನಮ್ಮ ಓಣಿಯಲ್ಲಿ ಆಗೆಲ್ಲ ಎಳೆಮಕ್ಕಳು ಮಲಗುತ್ತಿದ್ದುದೇ ಪವರ್‌ಲೂಮುಗಳ ಗದ್ದಲದಲ್ಲಿ. ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ಎಲ್ಲ ಮನೆಗಳಲ್ಲೂ ತೊಟ್ಟಿಲ ಮಕ್ಕಳು ಎದ್ದು ಅಳುತ್ತಿದ್ದವು.

ಬೀದಿಗಿಳಿದರೆ ತಮಿಳು, ಹೊಸ್ತಿಲ ಒಳಗೆ ಕನ್ನಡ. ಶಾಲೆಯಲ್ಲಿ ನನಗೊಂದು ಹೆಸರಿತ್ತು, ಮನೆಯಲ್ಲಿ ಮಾತ್ರ ನಾನು ‘ಕೂಸು’. ಈ ಮಾತು ಎಲ್ಲಿಂದ ಬಂತು ಎಂದು ಕೇಳಿದರೆ, ನಮ್ಮ ಹಿರಿಯರು ಕನ್ನಡ ಸೀಮೆಯಿಂದ ಮಗ್ಗ ಹೊತ್ತು ಬಂದಾಗ ಹೆಂಗಸರ ಸೊಂಟದ ಮೇಲೆ ಕೂತು ಬಂತು ಎನ್ನುತ್ತಿದ್ದಳು ಅಜ್ಜಿ. ಕೂಸು ಅಂದರೆ ಎತ್ತಿಕೊಳ್ಳಬೇಕಾದದ್ದು, ಅಷ್ಟೇ ಅರ್ಥವಂತೆ. ನಾನಾಗಲೇ ಎರಡನೇ ಕ್ಲಾಸು, ಓಣಿಯೆಲ್ಲ ಓಡುತ್ತಿದ್ದೆ. ಆದರೂ ಕೂಸೇ.

ಆ ಬೇಸಿಗೆಯಲ್ಲಿ ತಮ್ಮ ಹುಟ್ಟಿದ. ಮನೆ ತುಂಬ ಬಾಣಂತಿಯ ಬೆಳ್ಳುಳ್ಳಿ, ಕರುಪ್ಪಟ್ಟಿ ಬೆಲ್ಲದ ವಾಸನೆ, ಅದರೊಳಗೆ ಮಗ್ಗದ ಎಣ್ಣೆಯ ವಾಸನೆ. ಅವನನ್ನು ತೊಟ್ಟಿಲಿಗೆ ಹಾಕಿದ ಮಾರನೆಯ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಹುಣಸೆಬೀಜ ಹರಡಿಕೊಂಡು ಒಬ್ಬಳೇ ಆಡುತ್ತಿದ್ದೆ. ಕರೆಂಟು ಹೋಯಿತು. ಒಳಗಿಂದ ಅಜ್ಜಿ “ಕೂಸೇ” ಎಂದದ್ದು ಕೇಳಿ ಓಡಿದೆ. ಅವಳು ಸೀರೆಯ ತೊಟ್ಟಿಲೊಳಗೆ ಬಗ್ಗಿದ್ದಳು.

“ನಿನ್ನಲ್ಲ, ತಮ್ಮನ್ನ ಕರೆದೆ,” ಎಂದಳು. “ಮನೆಗೊಂದೇ ಕೂಸು. ಇನ್ನೊಂದು ಹುಟ್ಟೋಗಂಟ ಇವ್ನೇ. ನೀ ಇನ್ಮೇಲೆ ಅಕ್ಕ.”

ಅವಳಿಗೇನೂ ಸಿಟ್ಟಿರಲಿಲ್ಲ, ನಮ್ಮ ಮನೆಯ ವಾಡಿಕೆ ಅದು. ನಾನು ಹುಟ್ಟಿದಾಗ ಚಿಕ್ಕತ್ತೆಯೂ ಆ ಮಾತನ್ನು ನನಗೆ ಬಿಟ್ಟುಕೊಟ್ಟವಳೇ. ನಾನು ಅಕ್ಕನಾಗಿ ಹಿತ್ತಿಲಿಗೆ ಮರಳಿದೆ. ಮುಂದೆ ಗಂಡನ ಮನೆಗೆ ಹೋದಾಗಲೂ ಅಷ್ಟು ಒಂಟಿ ಅನ್ನಿಸಲಿಲ್ಲ. ಆ ದಿನ ಯಾರಾದರೂ ಮರೆತಾದರೂ ‘ಕೂಸೇ’ ಎಂದು ಕರೆದಾರೆಂದು ಸಂಜೆಯವರೆಗೂ ಕಾದೆ. ಊಟಕ್ಕೆ ಕರೆದರು, ಶಾಲೆಯ ಹೆಸರು ಹಿಡಿದು.

ಈಗ ಅಜ್ಜಿಯಿಲ್ಲ, ಅಮ್ಮನೂ ಇಲ್ಲ. ನನ್ನ ಮಕ್ಕಳು, ತಮ್ಮನ ಮಕ್ಕಳು ಹುಟ್ಟಿದಾಗ ಎಲ್ಲರೂ ತಮಿಳರ ಹಾಗೆ ‘ಪಾಪಾ’ ಎಂದರು. ಆ ಹಳೆಯ ಮಾತನ್ನು ತಮ್ಮನಿಂದ ಯಾರೂ ಇಸಿದುಕೊಳ್ಳಲಿಲ್ಲ. ಅಜ್ಜಿಯ ಪ್ರಕಾರ ಹೋದರೆ, ಮೀಸೆ ನರೆತ ಅವನೇ ಇನ್ನೂ ನಮ್ಮ ಮನೆಯ ಕೂಸು. ಹೋದ ವಾರ ಅವನಿಗೆ ಬಡಿಸುತ್ತ, “ಕೂಸೇ, ಇನ್ನೊಂಚೂರು ಅನ್ನ ಇಕ್ಲಾ?” ಎಂದೆ. ಅವನು ಹಿಂದೆ ತಿರುಗಿ ನೋಡಿದ. ಯಾರನ್ನು ಕರೆದೆ ಎಂದು ತಮಿಳಿನಲ್ಲಿ ಕೇಳಿದ. ಯಾರನ್ನೂ ಇಲ್ಲ ಎಂದು ನಾನೂ ತಮಿಳಿನಲ್ಲೇ ಹೇಳಿದೆ.